ಕ್ಷಮಾಪಣೆಯ ದರಪಟ್ಟಿ

ಬ್ರಿಟನ್ನಿನ ಟಿವಿ ಚರ್ಚೆಗಳ ತುಣುಕುಗಳು ಯೂಟ್ಯೂಬಿನ ಕೃಪೆಯಿಂದ ನಮ್ಮ ಫೋನುಗಳಿಗೂ ಬಂದು ಬೀಳುವ ಈ ಕಾಲದಲ್ಲಿ ನನ್ನ ನೆಮ್ಮದಿ ಕೆಡಲು ಚರ್ಚೆಯನ್ನು ಪೂರ್ತಿ ಕೇಳಬೇಕಾಗಿಯೇ ಇಲ್ಲ. ಮಾತನಾಡುವವರ ಎದೆಯ ಮಟ್ಟದಲ್ಲಿ ಮೂಡುವ ಹೆಸರಿನ ಪಟ್ಟಿಯೊಂದೇ ಸಾಕು. ‘ಕೆಲ್ವಿನ್ ಮೆಕೆಂಜಿ, ದಿ ಸನ್ ಪತ್ರಿಕೆಯ ಮಾಜಿ ಸಂಪಾದಕ.’ ವಿಷಯ ರಾಜಮನೆತನವೋ, ವಲಸೆಯೋ, ತೆರಿಗೆಯೋ, ಏನೇ ಇರಲಿ, ‘ನಿವೃತ್ತ ನ್ಯಾಯಮೂರ್ತಿ’ ಎಂದು ಬರೆದಷ್ಟೇ ಗಾಂಭೀರ್ಯದಿಂದ ಆ ಪಟ್ಟಿ ಮೂಡುತ್ತದೆ, ನಿರೂಪಕರು ಗೌರವದಿಂದ ಪ್ರಶ್ನೆ ಕೇಳುತ್ತಾರೆ, ಮಾಜಿ ಸಂಪಾದಕರು ಅಪ್ಪಣೆ ಕೊಡಿಸುತ್ತಾರೆ. ಮಾಜಿ ಎಂಬ ಪದಕ್ಕೆ ಇಷ್ಟೊಂದು ಪಾವನಗೊಳಿಸುವ ಶಕ್ತಿ ಇದೆಯೆಂದು ಮೊದಲೇ ಗೊತ್ತಿದ್ದಿದ್ದರೆ ನಮ್ಮ ನದಿಗಳಲ್ಲಿ ಮುಳುಗೇಳುವ ಶ್ರಮವನ್ನು ಎಷ್ಟೋ ಜನ ತಪ್ಪಿಸಿಕೊಳ್ಳಬಹುದಾಗಿತ್ತು.

ಕಥೆ ನಿಮಗೆ ಗೊತ್ತಿರುವುದೇ. 1981ರಲ್ಲಿ ಪತ್ರಿಕೆಯ ಒಡೆಯ ರೂಪರ್ಟ್ ಮರ್ಡೋಕ್ ಈ ಮಹಾಶಯರನ್ನು ‘ದಿ ಸನ್’ ಪತ್ರಿಕೆಯ ಪೀಠದ ಮೇಲೆ ಕೂರಿಸಿದರು, ಅವರು 1994ರವರೆಗೆ ಅಲ್ಲಿಂದ ಏಳಲಿಲ್ಲ, ಆ ಅವಧಿಯಲ್ಲಿ ಪತ್ರಿಕೆ ದಿನಕ್ಕೆ ಸುಮಾರು 40 ಲಕ್ಷ ಪ್ರತಿಗಳ ಲೆಕ್ಕದಲ್ಲಿ ಮಾರಾಟವಾಯಿತು. ಶೀರ್ಷಿಕೆ ಕೊಡುವುದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲವೆಂದು ಅವರ ವೈರಿಗಳೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. 1982ರ ಮೇ ತಿಂಗಳಲ್ಲಿ, ಫಾಕ್‌ಲ್ಯಾಂಡ್ ಯುದ್ಧದ ನಡುವೆ, ಬ್ರಿಟಿಷ್ ಜಲಾಂತರ್ಗಾಮಿಯೊಂದು ಅರ್ಜೆಂಟೀನಾದ ‘ಜನರಲ್ ಬೆಲ್‌ಗ್ರಾನೊ’ ಎಂಬ ನೌಕೆಯನ್ನು ಹೊಡೆದಾಗ ಅವರ ಪತ್ರಿಕೆ ಮುಖಪುಟದಲ್ಲಿ ಗೇಣುದ್ದದ ಅಕ್ಷರಗಳಲ್ಲಿ ‘ಗಾಚಾ’ ಎಂದು ಮುದ್ರಿಸಿತು. ಇದನ್ನು ಕನ್ನಡಕ್ಕೆ ತರಬೇಕಾದರೆ, ಕಣ್ಣಾಮುಚ್ಚಾಲೆ ಆಡುವ ಮಗು ಕಂಬದ ಹಿಂದೆ ಅಡಗಿದ್ದ ತಂಗಿಯನ್ನು ಹಿಡಿದು ‘ಸಿಕ್ಕಿದೆಯಾ!’ ಎಂದು ಕೂಗುತ್ತದಲ್ಲ, ಅದೇ ಧಾಟಿ. ಆ ನೌಕೆಯಲ್ಲಿ ಸತ್ತವರು 323 ಮಂದಿ. ಸಾವಿನ ಸಂಖ್ಯೆ ದೊಡ್ಡದಿರಬಹುದೆಂಬ ಸುಳಿವು ಸಿಕ್ಕ ಮೇಲೆ ನಂತರದ ಆವೃತ್ತಿಗಳಲ್ಲಿ ಶೀರ್ಷಿಕೆ ಬದಲಾಯಿತು. ಮೊದಲ ಆವೃತ್ತಿ ಮಾತ್ರ ಚರಿತ್ರೆಗೆ ಸೇರಿಕೊಂಡಿತು. ಅದೇ ಯುದ್ಧದಲ್ಲಿ ಮಡಿದು ವಿಕ್ಟೋರಿಯಾ ಕ್ರಾಸ್ ಪಡೆದ ಯೋಧನೊಬ್ಬನ ಪತ್ನಿಯ ಸಂದರ್ಶನವನ್ನೂ ಪತ್ರಿಕೆ ವಿಶೇಷ ವರದಿಯಾಗಿ ಪ್ರಕಟಿಸಿತು. ಸಣ್ಣ ಕೊರತೆಯೆಂದರೆ ಆಕೆ ಸಂದರ್ಶನವನ್ನೇ ಕೊಟ್ಟಿರಲಿಲ್ಲ. ಪತ್ರಿಕಾ ಮಂಡಳಿ ಛೀಮಾರಿ ಹಾಕಿತು, ಸಂಪಾದಕರು ಮುಖ ಒರೆಸಿಕೊಂಡು ಮುಂದಿನ ಪುಟಕ್ಕೆ ಹೋದರು.

ಇನ್ನು ಹ್ಯಾಮ್‌ಸ್ಟರಿನ ವಿಷಯ. ಇದನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. 1986ರ ಮಾರ್ಚ್ 13ರಂದು ಬ್ರಿಟನ್ನಿನ ಜನ ಬೆಳಗಿನ ಚಹಾದ ಜೊತೆ ಓದಿದ ಮುಖಪುಟದ ಶೀರ್ಷಿಕೆ: ‘ಫ್ರೆಡ್ಡಿ ಸ್ಟಾರ್ ನನ್ನ ಹ್ಯಾಮ್‌ಸ್ಟರ್ ತಿಂದ’. ಫ್ರೆಡ್ಡಿ ಸ್ಟಾರ್ ಹಾಸ್ಯನಟ. ಹ್ಯಾಮ್‌ಸ್ಟರ್ ಎಂದರೆ ಇಂಗ್ಲಿಷರು ಪಂಜರದಲ್ಲಿಟ್ಟು ಮುದ್ದಾಡುವ, ನಮ್ಮ ಮನೆಗಳಲ್ಲಿ ಕಂಡರೆ ಪೊರಕೆ ಹುಡುಕುವಂತಹ ದಪ್ಪ ಕೆನ್ನೆಯ ಇಲಿ. ಸ್ನೇಹಿತರ ಮನೆಯಲ್ಲಿ ಊಟ ಮಾಡಿಕೊಡಲಿಲ್ಲವೆಂಬ ಸಿಟ್ಟಿಗೆ ಆತ ಅದನ್ನು ಎರಡು ಬ್ರೆಡ್ ತುಂಡುಗಳ ನಡುವೆ ಇಟ್ಟು ಕಚ್ಚಿದ ಎಂಬುದು ವರದಿ. ಆ ಶೀರ್ಷಿಕೆಯ ಜೀವ ಇರುವುದು ‘ನನ್ನ’ ಎಂಬ ಪದದಲ್ಲಿ. ‘ನಟನಿಂದ ಇಲಿ ಭಕ್ಷಣೆ’ ಎಂದಿದ್ದರೆ ಅದು ಮೂರನೆಯ ಪುಟದ ಮೂಲೆಯ ಸುದ್ದಿ. ‘ನನ್ನ’ ಎಂದಾಕ್ಷಣ ಇಡೀ ದೇಶ ಎದ್ದು ಹೋಗಿ ತಂತಮ್ಮ ಪಂಜರಗಳನ್ನು ನೋಡಿಕೊಂಡು ಬರಬೇಕಾಗುತ್ತದೆ. ಕನ್ನಡದಲ್ಲಿ ಇದರ ರುಚಿ ಇನ್ನೂ ಹೆಚ್ಚು ಎಂದು ನನ್ನ ನಂಬಿಕೆ, ಏಕೆಂದರೆ ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ; ಫ್ರೆಡ್ಡಿ ಸ್ಟಾರ್ ನನ್ನ ಹ್ಯಾಮ್‌ಸ್ಟರನ್ನು ಎತ್ತಿಕೊಂಡನೋ, ಮುದ್ದಿಸಿದನೋ, ಕದ್ದನೋ ಎಂದು ಓದುಗ ಕಾತರದಿಂದ ಮುಂದಕ್ಕೆ ಬಂದರೆ ಅಲ್ಲಿ ‘ತಿಂದ’ ಕಾದು ಕುಳಿತಿರುತ್ತಾನೆ. ಆತ ತಿಂದಿರಲಿಲ್ಲ. ಆತನ ಪ್ರಚಾರ ನೋಡಿಕೊಳ್ಳುತ್ತಿದ್ದ ಮ್ಯಾಕ್ಸ್ ಕ್ಲಿಫರ್ಡ್‌ಗೆ ಅದು ಸುಳ್ಳೆಂದು ಗೊತ್ತಿತ್ತು, ಆದರೂ ಟಿಕೆಟ್ ಮಾರಾಟಕ್ಕೆ ಒಳ್ಳೆಯದೆಂದು ಬಿಟ್ಟುಕೊಟ್ಟರು. ಫ್ರೆಡ್ಡಿ ಸ್ಟಾರ್ 2019ರಲ್ಲಿ ತೀರಿಕೊಂಡಾಗ, ಅರ್ಧ ಶತಮಾನ ರಂಗದ ಮೇಲೆ ಏನೇನು ಮಾಡಿದರೆಂಬುದನ್ನೆಲ್ಲ ಹಿಂದೆ ತಳ್ಳಿ, ತಿನ್ನದ ಆ ಇಲಿ ಸಾವಿನ ಸುದ್ದಿಯಲ್ಲೂ ಮುಂದೆ ಬಂದು ನಿಂತಿತು.

ಗಮನಿಸಿ ನೋಡಿದರೆ ಈ ವೃತ್ತಿಜೀವನದಲ್ಲಿ ಪ್ರಾಣಿಗಳಿಗೆ ದೊರೆತಿರುವ ಪ್ರಾಶಸ್ತ್ಯ ಮನುಷ್ಯರಿಗೆ ದೊರೆತಿಲ್ಲ. ಹ್ಯಾಮ್‌ಸ್ಟರಿನ ನಂತರ ನಾಯಿಗಳ ಸರದಿ. 1987ರಲ್ಲಿ ಗಾಯಕ ಎಲ್ಟನ್ ಜಾನ್ ಅವರ ಖಾಸಗಿ ಬದುಕಿನ ಬಗ್ಗೆ ಪತ್ರಿಕೆ ಹೊಲಸು ಕಥೆಗಳ ಸರಣಿಯನ್ನೇ ಹರಿಯಬಿಟ್ಟಿತು. ಕಥೆ ಹೇಳಿದ ಹುಡುಗ ದುಡ್ಡಿಗಾಗಿ ಹೇಳಿದ್ದೆಂದು ಆಮೇಲೆ ಒಪ್ಪಿಕೊಂಡ. ಆ ಸರಣಿಗೆ ಕಲಶವಿಟ್ಟಂತೆ ಬಂದದ್ದು, ಎಲ್ಟನ್ ಜಾನ್ ತಮ್ಮ ಮನೆಯ ಕಾವಲು ನಾಯಿಗಳು ಬೊಗಳದಂತೆ ಅವುಗಳ ಗಂಟಲಿಗೆ ಶಸ್ತ್ರಕ್ರಿಯೆ ಮಾಡಿಸಿದ್ದಾರೆಂಬ ವರದಿ. ನಾಯಿಗಳು ಮಾತ್ರ ಯಥಾಪ್ರಕಾರ ಬೊಗಳುತ್ತಿದ್ದವು. ಪಾಪ, ಲಂಡನ್ನಿನ ಪತ್ರಿಕಾಲಯಕ್ಕೆ ಕೇಳಿಸಲಿಲ್ಲ. ಮೊಕದ್ದಮೆ ನಡೆಯುವ ಮೊದಲೇ, 1988ರ ಡಿಸೆಂಬರಿನಲ್ಲಿ, ಪತ್ರಿಕೆ 10 ಲಕ್ಷ ಪೌಂಡು ಪರಿಹಾರ ತೆತ್ತು, ಮುಖಪುಟದಲ್ಲಿ ‘ಸಾರಿ ಎಲ್ಟನ್’ ಎಂದು ಬರೆಯಿತು. ಅಂದರೆ ಆಪಾದನೆಯಿಂದ ಕ್ಷಮಾಪಣೆಗೆ ಎರಡು ವರ್ಷವೂ ಹಿಡಿಯಲಿಲ್ಲ. ಈ ಅವಧಿಯನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

1992ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಅವರ ಕ್ರಿಸ್‌ಮಸ್ ಭಾಷಣವನ್ನು ಹಬ್ಬಕ್ಕೆ ಎರಡು ದಿನ ಮೊದಲೇ ಅಚ್ಚು ಹಾಕಿದ ಪತ್ರಿಕೆ, ಅರಮನೆಯವರು ವಕೀಲರನ್ನು ಕರೆದ ಕೂಡಲೇ ಮಂಡಿಯೂರಿ 2 ಲಕ್ಷ ಪೌಂಡನ್ನು ಧರ್ಮಕಾರ್ಯಕ್ಕೆ ಕೊಟ್ಟಿತು. ಇದಕ್ಕೆ ಹಿಡಿದದ್ದು ಕೆಲವೇ ವಾರಗಳು.

ಎಲ್ಟನ್ ಜಾನ್ ಪ್ರಕರಣದಿಂದ ಸಾಮಾನ್ಯ ಮನುಷ್ಯನಾಗಿದ್ದರೆ ಏನು ಕಲಿಯುತ್ತಿದ್ದ? ಅಚ್ಚಿಗೆ ಕೊಡುವ ಮೊದಲು ಇನ್ನೊಮ್ಮೆ ಪರಿಶೀಲಿಸಬೇಕು ಎಂದು. ಮೆಕೆಂಜಿಯವರು ಅಸಾಮಾನ್ಯರು. 2011ರ ಅಕ್ಟೋಬರಿನಲ್ಲಿ, ಬ್ರಿಟಿಷ್ ಪತ್ರಿಕೆಗಳ ನಡತೆಯ ಬಗ್ಗೆ ನ್ಯಾಯಮೂರ್ತಿ ಲೆವೆಸನ್ ನಡೆಸಲಿದ್ದ ವಿಚಾರಣೆಗೆ ಪೀಠಿಕೆಯಾಗಿ ಏರ್ಪಟ್ಟ ಗೋಷ್ಠಿಯಲ್ಲಿ, ತಾವು ಒಂದೇ ಒಂದು ಸಲ ಸುದ್ದಿಯ ಮೂಲವನ್ನು ಪರಿಶೀಲಿಸಿದ್ದು ಎಲ್ಟನ್ ಜಾನ್ ವಿಷಯದಲ್ಲೇ ಎಂದೂ, ಪರಿಶೀಲಿಸಿಯೂ 10 ಲಕ್ಷ ಪೌಂಡು ಕಟ್ಟಬೇಕಾಯಿತೆಂದೂ, ಆದ್ದರಿಂದ ಅಂದಿನಿಂದ ಪರಿಶೀಲನೆಯ ಗೋಜಿಗೇ ಹೋಗಲಿಲ್ಲವೆಂದೂ ಅವರು ಎಲ್ಲರೆದುರು ಹೇಳಿದರು. ಕೇಳಲು ಸರಿಯೆನಿಸಿದರೆ ಅದು ಬಹುಶಃ ಸರಿಯೇ ಇರುತ್ತದೆ, ಎತ್ತಿ ಒಳಗೆ ಹಾಕು ಎನ್ನುವುದು ಅವರ ಸಂಪಾದಕೀಯ ಸಿದ್ಧಾಂತ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನನ್ನು ಕಂಡು ನಕ್ಕರು. ಹಾಗೆ ಕಟ್ಟಿದವನಿಗೆ ಸಂಬಳ, ಕಾರು, 40 ಲಕ್ಷ ಓದುಗರು ಮತ್ತು ಮುಂದೆ ಟಿವಿಯಲ್ಲಿ ಕಾಯಂ ಕುರ್ಚಿ ಸಿಗುತ್ತದೆಂದು ಗೊತ್ತಿದ್ದರೆ ನಗುತ್ತಿರಲಿಲ್ಲ.

ಟಿವಿ ಎಂದಾಗ ಮೊಲ ನೆನಪಾಯಿತು. ‘ದಿ ಸನ್’ ಬಿಟ್ಟ ನಂತರ ಮೆಕೆಂಜಿಯವರು ‘ಲೈವ್ ಟಿವಿ’ ಎಂಬ ಕೇಬಲ್ ವಾಹಿನಿಯನ್ನು ನಡೆಸಿದರು. ಅಲ್ಲಿ ವಾರ್ತೆ ಓದುವವರ ಹಿಂದೆ ಮೊಲದ ವೇಷ ಹಾಕಿಕೊಂಡ ಒಬ್ಬ ಮನುಷ್ಯ ನಿಂತು, ಸುದ್ದಿ ಒಳ್ಳೆಯದಾದರೆ ಹೆಬ್ಬೆರಳನ್ನು ಮೇಲಕ್ಕೂ ಕೆಟ್ಟದಾದರೆ ಕೆಳಕ್ಕೂ ತೋರಿಸುತ್ತಿದ್ದ. ಹವಾಮಾನ ವರದಿಯನ್ನು ನಾರ್ವೆ ದೇಶದ ಯುವತಿಯೊಬ್ಬಳು ನಾರ್ವೆಯನ್ ಭಾಷೆಯನ್ನೂ ಬೆರೆಸಿ ಓದುತ್ತಿದ್ದಳು. ಲಂಡನ್ನಿನ ಮಳೆಗೂ ನಾರ್ವೆಯನ್ ವ್ಯಾಕರಣಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಯಾರೂ ನೋಡುತ್ತಿರಲಿಲ್ಲ. 1999ರಲ್ಲಿ ವಾಹಿನಿ ಮುಚ್ಚಿತು. ಎಲ್ಲರೂ ನಗುವ ಆ ಮೊಲದ ಬಗ್ಗೆ ನನಗೆ ಮಾತ್ರ ಗೌರವವಿದೆ. ಈ ಇಡೀ ವೃತ್ತಿಜೀವನದಲ್ಲಿ ಕೆಟ್ಟ ಸುದ್ದಿಯನ್ನು ಕಂಡು ಬೇಸರ ಸೂಚಿಸಿದ ಏಕೈಕ ಜೀವಿ ಅದು.

ಈಗ ಕೆಟ್ಟ ಸುದ್ದಿಗೆ ಬರೋಣ. 1989ರ ಏಪ್ರಿಲ್ 15, ಶನಿವಾರ, ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣ, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ನಡುವಣ ಎಫ್‌ಎ ಕಪ್ ಫುಟ್‌ಬಾಲ್ ಸೆಮಿಫೈನಲ್. ಹೊರಗೆ ನೂಕುನುಗ್ಗಲು ಹೆಚ್ಚಾದಾಗ, ಮಧ್ಯಾಹ್ನ 2.52ಕ್ಕೆ, ಪೊಲೀಸ್ ಅಧಿಕಾರಿ ಡೇವಿಡ್ ಡಕನ್‌ಫೀಲ್ಡ್ ಅವರ ಅಪ್ಪಣೆಯಂತೆ ನಿರ್ಗಮನ ದ್ವಾರವೊಂದನ್ನು ತೆರೆದರು. ಎದುರಿಗಿದ್ದ ಸುರಂಗದ ದಾರಿಯನ್ನು ಮುಚ್ಚಿಸಲಿಲ್ಲ. ಒಳಬಂದ ಲಿವರ್‌ಪೂಲ್ ಅಭಿಮಾನಿಗಳು ಅದೇ ದಾರಿಯಲ್ಲಿ ಹೋಗಿ, ಆಗಲೇ ತುಂಬಿ ತುಳುಕುತ್ತಿದ್ದ, ಮುಂದೆ ಕಬ್ಬಿಣದ ಬೇಲಿಯಿದ್ದ ಅಂಕಣಗಳಿಗೆ ಸೇರಿಕೊಂಡರು. ಆರು ನಿಮಿಷ ಆಡಿದ ಮೇಲೆ ಆಟ ನಿಂತಿತು. ಆ ಉಸಿರುಗಟ್ಟಿಸುವ ಇಕ್ಕಟ್ಟು ತೆಗೆದುಕೊಂಡ ಜೀವಗಳು ಒಟ್ಟು 97; ತೊಂಬತ್ತೇಳನೆಯವರು 32 ವರ್ಷ ನರಳಿ 2021ರಲ್ಲಿ ತೀರಿಕೊಂಡರು. ಅಭಿಮಾನಿಗಳೇ ಬಾಗಿಲು ಮುರಿದು ನುಗ್ಗಿದರೆಂದು ಡಕನ್‌ಫೀಲ್ಡ್ ಅಂದೇ ಸುಳ್ಳು ಹೇಳಿದರು, ಸುಳ್ಳೆಂದು 2015ರಲ್ಲಿ ಒಪ್ಪಿಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಅಲ್ಲಿಂದ ಆರಂಭವಾಯಿತು.

ನಾಲ್ಕನೆಯ ದಿನ, ಬುಧವಾರ, ಇನ್ನೂ ಶವಸಂಸ್ಕಾರಗಳು ಮುಗಿದಿರಲಿಲ್ಲ, ‘ದಿ ಸನ್’ ಮುಖಪುಟದಲ್ಲಿ ‘ಸತ್ಯ’ ಎಂಬ ಶೀರ್ಷಿಕೆ ಬಂತು. ಕೆಳಗೆ ಮೂರು ಉಪಶೀರ್ಷಿಕೆಗಳು: ಅಭಿಮಾನಿಗಳು ಸಾಯುತ್ತಿದ್ದವರ ಜೇಬು ಕತ್ತರಿಸಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು, ಬಾಯಿಗೆ ಬಾಯಿಟ್ಟು ಉಸಿರು ಕೊಡುತ್ತಿದ್ದ ಪೇದೆಯನ್ನು ಹೊಡೆದರು. ಮೂರೂ ಸುಳ್ಳು. ಶೆಫೀಲ್ಡಿನ ಒಂದು ಸುದ್ದಿ ಸಂಸ್ಥೆಯ ಮೂಲಕ ಪೊಲೀಸರಿಂದಲೂ ಒಬ್ಬ ಸಂಸದರಿಂದಲೂ ಬಂದಿದ್ದ ಈ ಆಪಾದನೆಗಳನ್ನು ಅಂದು ಬೇರೆ ಪತ್ರಿಕೆಗಳೂ ಬರೆದವು, ಆದರೆ ‘ಪೊಲೀಸರ ಆರೋಪ’ ಎಂಬ ಗೋಡೆಯ ಹಿಂದೆ ನಿಂತು ಬರೆದವು. ನಮ್ಮ ಸಂಪಾದಕರಿಗೆ ಅಂತಹ ಪುಕ್ಕಲುತನ ಇರಲಿಲ್ಲ. ಅಲ್ಲಿದ್ದವರು ಹೇಳಿದ್ದಲ್ಲ, ಪೊಲೀಸರು ಹೇಳಿದ್ದೂ ಅಲ್ಲ, ‘ಸತ್ಯ’. ಆ ವರದಿಯನ್ನು ಬರೆದ ವರದಿಗಾರನೇ ಪುಟದ ಶೀರ್ಷಿಕೆ ನೋಡಿ ದಿಗಿಲುಬಿದ್ದೆನೆಂದು ವರ್ಷಗಳ ನಂತರ ಹೇಳಿದ್ದಾನೆ.

ಇಷ್ಟು ಹೊತ್ತು ತಮಾಷೆ ಮಾಡಿಕೊಂಡು ಬಂದೆ. ಇಲ್ಲಿ ಆಗುತ್ತಿಲ್ಲ. ಆ ಮಧ್ಯಾಹ್ನ ಸತ್ತವರಲ್ಲಿ ಅತ್ಯಂತ ಕಿರಿಯನಿಗೆ ಹತ್ತು ವರ್ಷ. ಅವನ ರಕ್ತದಲ್ಲೂ ಮದ್ಯ ಇದೆಯೇ ಎಂದು ಪರೀಕ್ಷೆ ಮಾಡಿಸಿದರು. ಹತ್ತು ವರ್ಷದ ಹುಡುಗನ ರಕ್ತದಲ್ಲಿ. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು, ಅವುಗಳಲ್ಲಿ 116ರಿಂದ ಪೊಲೀಸರಿಗೆ ಮುಜುಗರ ತರುವ ಮಾತುಗಳನ್ನು ಕಿತ್ತುಹಾಕಲಾಗಿತ್ತು ಎಂಬುದು ಅಧಿಕೃತವಾಗಿ ಹೊರಬರಲು 2012ರ ಸೆಪ್ಟೆಂಬರಿನ ಸ್ವತಂತ್ರ ಸಮಿತಿಯ ವರದಿಯವರೆಗೆ ಕಾಯಬೇಕಾಯಿತು. ಇವು ಕಾನೂನುಬಾಹಿರ ಸಾವುಗಳು, ಅಭಿಮಾನಿಗಳ ತಪ್ಪೇನೂ ಇರಲಿಲ್ಲ ಎಂದು ಜ್ಯೂರಿ ಹೇಳಿದ್ದು 2016ರಲ್ಲಿ. ಅಷ್ಟರಲ್ಲಿ ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಂದೆತಾಯಿಗಳು ತಮ್ಮ ಮಗ ಕುಡುಕನಲ್ಲ, ಹೆಣದ ಜೇಬಿಗೆ ಕೈ ಹಾಕಿದವನಲ್ಲ ಎಂದು ಸಾಧಿಸುತ್ತಲೇ ಮುದುಕರಾದರು, ಸತ್ತೂ ಹೋದರು. ಡಕನ್‌ಫೀಲ್ಡ್ 2019ರಲ್ಲಿ ಖುಲಾಸೆಯಾದರು. ಈ ದುರಂತಕ್ಕಾಗಿ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದದ್ದು ಒಬ್ಬರೇ, ಕ್ರೀಡಾಂಗಣದ ಒಡೆತನ ಹೊಂದಿದ್ದ ಕ್ಲಬ್ಬಿನ ಅಂದಿನ ಕಾರ್ಯದರ್ಶಿ. ಸುರಕ್ಷತೆಯ ಲೋಪಕ್ಕಾಗಿ ಅವರಿಗೆ ವಿಧಿಸಿದ ದಂಡ 6,500 ಪೌಂಡು. ಬೊಗಳುತ್ತಿದ್ದ ನಾಯಿಗಳ ಯಜಮಾನನಿಗೆ 10 ಲಕ್ಷ ಪೌಂಡು ಸಂದಿದ್ದನ್ನು ಮೇಲೆ ಬರೆದಿದ್ದೇನೆ. ಎಲ್ಟನ್ ಜಾನ್ ಅವರ ಮೇಲೆ ನನಗೇನೂ ಅಸೂಯೆಯಿಲ್ಲ. ಒಳ್ಳೆಯ ವಕೀಲರನ್ನು ಇಡಬಲ್ಲವರ ಮಾನಕ್ಕೆ ಬೆಲೆಯುಂಟು. ಲಿವರ್‌ಪೂಲ್ ಎಂಬ ಬಂದರು ನಗರದ ಕೂಲಿಯವರ ಮಕ್ಕಳಿಗೆ ಅದಿಲ್ಲ. ಮೇಲಾಗಿ ಸತ್ತವರ ಮಾನಕ್ಕೆ ಇಂಗ್ಲೆಂಡಿನ ಮಾನಹಾನಿ ಕಾನೂನಿನಲ್ಲಿ ಜಾಗವೇ ಇಲ್ಲ; ಸತ್ತವರ ಬಗ್ಗೆ ಏನು ಬರೆದರೂ ಖರ್ಚಿಲ್ಲ.

ಹಾಗಾಗಿ ಲಿವರ್‌ಪೂಲ್ ನಗರ ತನಗೆ ಗೊತ್ತಿದ್ದ ಒಂದೇ ಮೊಕದ್ದಮೆ ಹೂಡಿತು, ಪತ್ರಿಕೆ ಕೊಳ್ಳುವುದನ್ನು ನಿಲ್ಲಿಸಿತು. ಅಲ್ಲಿನ ಅನೇಕ ಅಂಗಡಿಗಳಲ್ಲಿ ‘ದಿ ಸನ್’ ಇಂದಿಗೂ ಸಿಗುವುದಿಲ್ಲ. ಮಾರಾಟ ಕುಸಿದಾಗ ಸಂಪಾದಕರು ಲಿವರ್‌ಪೂಲ್ ತಂಡದ ಅಂದಿನ ವ್ಯವಸ್ಥಾಪಕ ಕೆನ್ನಿ ಡಾಲ್‌ಗ್ಲಿಶ್ ಅವರಿಗೆ ಫೋನ್ ಮಾಡಿ, ಇದನ್ನು ಸರಿಪಡಿಸುವುದು ಹೇಗೆ ಎಂದು ಕೇಳಿದರಂತೆ. ‘ಸತ್ಯ’ ಎಂದು ಹಾಕಿದಷ್ಟೇ ದೊಡ್ಡ ಅಕ್ಷರದಲ್ಲಿ ‘ನಾವು ಸುಳ್ಳು ಹೇಳಿದೆವು’ ಎಂದು ಹಾಕಿ ಎಂದರಂತೆ ಡಾಲ್‌ಗ್ಲಿಶ್. ಅದಾಗದು ಎಂಬುದು ಉತ್ತರ. ಡಾಲ್‌ಗ್ಲಿಶ್ ಅವರೇ ಹೇಳಿರುವ ಪ್ರಸಂಗವಿದು. ನಾಲ್ಕು ತಿಂಗಳ ಹಿಂದಷ್ಟೇ ‘ಸಾರಿ ಎಲ್ಟನ್’ ಎಂದು ಜೋಡಿಸಿದ್ದ ದಪ್ಪಕ್ಷರಗಳು ಅಷ್ಟರಲ್ಲೇ ಎಲ್ಲಿ ಕಾಣೆಯಾದವೋ.

ಮುಂದೆ 1992ರ ಸಾರ್ವತ್ರಿಕ ಚುನಾವಣೆ. ಮತದಾನದ ದಿನ ಲೇಬರ್ ನಾಯಕ ನೀಲ್ ಕಿನ್ನಕ್ ಅವರ ತಲೆಯನ್ನು ವಿದ್ಯುತ್ ಬಲ್ಬಿನೊಳಗೆ ಇಟ್ಟು, ಇವರು ಗೆದ್ದರೆ ಬ್ರಿಟನ್ ಬಿಟ್ಟು ಹೋಗುವ ಕೊನೆಯ ವ್ಯಕ್ತಿ ದೀಪ ಆರಿಸಲಿ ಎಂದು ಮುಖಪುಟ ಮಾಡಿದ ಪತ್ರಿಕೆ, ಕನ್ಸರ್ವೇಟಿವ್ ಪಕ್ಷ ಗೆದ್ದ ಮೇಲೆ ಗೆಲ್ಲಿಸಿದ್ದು ತಾನೇ ಎಂದು ಎದೆ ತಟ್ಟಿಕೊಂಡಿತು. ಒಳ್ಳೆಯದು, ಇರಲಿ. ಆದರೆ ಮಾರನೆಯ ವರ್ಷವೇ, 1993ರಲ್ಲಿ, ಸಂಸತ್ತಿನ ಸಮಿತಿಯ ಮುಂದೆ ಹಿಲ್ಸ್‌ಬರೊ ಪ್ರಸ್ತಾಪ ಬಂದಾಗ ಅದೇ ಸಂಪಾದಕರು, ಒಬ್ಬ ಸಂಸದ ಹೇಳಿದ್ದನ್ನು ನಂಬಿದ್ದೇ ತಮ್ಮ ತಪ್ಪು ಎಂದರು. ಒಂದು ಶೀರ್ಷಿಕೆಯಿಂದ ಸರ್ಕಾರವನ್ನೇ ನಿಲ್ಲಿಸಬಲ್ಲ ಭೀಮಸೇನ ಒಬ್ಬ ಎಂಪಿಯ ಮಾತಿಗೆ ಮರುಳಾದ ಹಾಲುಗಲ್ಲದ ಕೂಸಾಗಿಬಿಟ್ಟರು. 2006ರಲ್ಲಿ ಉದ್ಯಮಿಗಳ ಭೋಜನಕೂಟವೊಂದರಲ್ಲಿ ಅವರು ಆ ವಿಷಾದವನ್ನೂ ವಾಪಸ್ಸು ಪಡೆದರು, ತಮಗೆ ಆಗಲೂ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ, ಧಣಿ ಮರ್ಡೋಕ್ ಹೇಳಿದ್ದರಿಂದ ಹಾಗೆಂದೆ ಎಂದರೆಂದು ವರದಿಯಾಯಿತು. ಕ್ಷಮೆಯನ್ನು ಕೊಟ್ಟು ಮರಳಿ ಇಸಿದುಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೈಸಾಲವನ್ನಾದರೂ ಕೊಟ್ಟವರು ನಾಲ್ಕು ದಿನ ಸುಮ್ಮನಿರುತ್ತಾರೆ.

ಈ ನಡುವೆ ಅವರಿಗೆ ಪ್ರಾಮಾಣಿಕವಾದ ಸಿಟ್ಟು ಬರುವುದೇ ಇಲ್ಲವೆಂದು ಯಾರೂ ತಿಳಿಯಬಾರದು. 2008ರಲ್ಲಿ ತಮ್ಮೂರಿನ ಕಡೆಯ ವೇಬ್ರಿಜ್ ರೈಲು ನಿಲ್ದಾಣದಲ್ಲಿ ಕಾರು ನಿಲ್ಲಿಸುವ ಶುಲ್ಕ ಏರಿಸಿದ್ದನ್ನು ವಿರೋಧಿಸಿ ಅವರು ಸ್ಥಳೀಯ ಚುನಾವಣೆಗೇ ನಿಂತರು, ಸೋತರು. ಆ ಹೋರಾಟದಲ್ಲಿ ಅವರು ಅಂಕಿಅಂಶಗಳನ್ನು ಚೆನ್ನಾಗಿ ಪರಿಶೀಲಿಸಿದ್ದರೆಂದೇ ನನ್ನ ಊಹೆ. ಸ್ವಂತ ಜೇಬಿನ ವಿಷಯವಲ್ಲವೇ.

2017ರ ಏಪ್ರಿಲ್ 14ರಂದು, ಅಂದರೆ ಹಿಲ್ಸ್‌ಬರೊ ದುರಂತದ 28ನೆಯ ವರ್ಷದ ಮುನ್ನಾದಿನ, ಅಂಕಣಕಾರರಾಗಿ ‘ದಿ ಸನ್’ ಪತ್ರಿಕೆಗೆ ಮರಳಿದ್ದ ಮೆಕೆಂಜಿಯವರು ಲಿವರ್‌ಪೂಲಿನ ಎವರ್ಟನ್ ತಂಡದ ಆಟಗಾರ ರಾಸ್ ಬಾರ್ಕ್ಲಿಯನ್ನು ಮೃಗಾಲಯದ ಗೊರಿಲ್ಲಾಕ್ಕೆ ಹೋಲಿಸಿದರು; ಆ ಊರಿನಲ್ಲಿ ಆತನಷ್ಟು ಸಂಪಾದಿಸುವವರು ಮಾದಕವಸ್ತು ಮಾರುವವರು ಮಾತ್ರ ಎಂಬ ಅರ್ಥದ ಹಾಸ್ಯವನ್ನೂ ಸೇರಿಸಿದರು. ಆಟಗಾರನ ಅಜ್ಜ ನೈಜೀರಿಯಾದವರು. ಅದು ತಮಗೆ ಗೊತ್ತಿರಲಿಲ್ಲ ಎಂಬುದು ವಿವರಣೆ. ಪರಿಶೀಲನೆ ಮಾಡುವುದಿಲ್ಲವೆಂದು ಮೊದಲೇ ಸಾರಿದ್ದವರನ್ನು ಈ ವಿಷಯದಲ್ಲಿ ಆಕ್ಷೇಪಿಸುವುದು ಹೇಗೆ? ಪತ್ರಿಕೆ ಅವರನ್ನು ಅಮಾನತುಗೊಳಿಸಿತು, ಮರುತಿಂಗಳು ಸಂಬಂಧ ಕಡಿದುಕೊಂಡಿತು. ಇಲಿ, ನಾಯಿ, ಮೊಲ, ಕೊನೆಗೆ ಗೊರಿಲ್ಲಾ.

ಆದರೆ ನನಗೆ ಮರೆಯಲಾಗದ ದಿನಗಳು 2012ರ ಸೆಪ್ಟೆಂಬರಿನವು. ಆ ತಿಂಗಳ 12ರಂದು ಸ್ವತಂತ್ರ ಸಮಿತಿಯ ವರದಿ ಹೊರಬಿದ್ದು, ಇನ್ನು ಮುಚ್ಚಿಡಲು ಚಾಪೆಯೂ ಇಲ್ಲ, ಮೂಲೆಯೂ ಇಲ್ಲ ಎಂದಾದಾಗ ಮೆಕೆಂಜಿಯವರು ಲಿವರ್‌ಪೂಲಿನ ಜನರಿಗೆ ‘ಅಪಾರ’ ಕ್ಷಮೆ ಕೋರಿದರು. ‘ಸತ್ಯ’ ಅಚ್ಚಾದ ದಿನದಿಂದ ಲೆಕ್ಕ ಹಾಕಿದರೆ 23 ವರ್ಷ, ಹತ್ತಿರ ಹತ್ತಿರ ಐದು ತಿಂಗಳು. ಕುಟುಂಬಗಳವರು ಅದನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ‘ಸ್ಪೆಕ್ಟೇಟರ್’ ವಾರಪತ್ರಿಕೆಯಲ್ಲಿ ಅವರ ಲೇಖನ ಬಂತು: ಸೌತ್ ಯಾರ್ಕ್‌ಶೈರ್ ಪೊಲೀಸರು ಸುಳ್ಳು ಹೇಳಿ ತಮ್ಮನ್ನು ದಾರಿ ತಪ್ಪಿಸಿದರು, ಅದರಿಂದ ತಾವು ವರ್ಷಗಟ್ಟಲೆ ನಿಂದನೆ ಅನುಭವಿಸಬೇಕಾಯಿತು, ಆದ್ದರಿಂದ ಪೊಲೀಸರು ತಮ್ಮ ಕ್ಷಮೆ ಕೇಳಬೇಕೆಂದು ವಕೀಲರ ಮೂಲಕ ಪತ್ರ ಬರೆಸಿದ್ದಾರೆ. ಫೋಟೋಗಳನ್ನು ಎದೆಗವಚಿಕೊಂಡ ತಾಯಂದಿರು, ಅಪ್ಪಂದಿರು, ಅಣ್ಣತಂಗಿಯರು 23 ವರ್ಷದಿಂದ ನಿಂತಿದ್ದ ಸರತಿಯ ಸಾಲಿಗೆ ಮಾಜಿ ಸಂಪಾದಕರು ಹಿಂದಿನಿಂದ ಬಂದರು, ತಾವೂ ಸಂತ್ರಸ್ತರೇ ಎಂದರು, ಮುಂದಿದ್ದವರನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದರು.